ಕಾಶವ್ವ ತೆಗೆದ ಸಿನಿಮಾ

"ನೀವು ಅಲ್ಲಿದ್ರೇನ್ರಿ?"

ಯಾರು ಏನು ಹೇಳಿದರೂ ಕಾಶವ್ವ ಮೊದಲು ಕೇಳುತ್ತಿದ್ದದ್ದು ಇದನ್ನೇ. ಮದುವೆಯ ಸುದ್ದಿಯಾಗಲಿ, ಜಗಳದ ಸುದ್ದಿಯಾಗಲಿ, ಕಂಡವರ ಬಾಯಿಂದ ಬಂದರೆ ಮಾತ್ರ ಅವಳ ಕಿವಿಗೆ ಇಳಿಯುತ್ತಿತ್ತು.

ರಬಕವಿಯ ಈ ಹೆಂಗಸು ಜಮಖಂಡಿಯಲ್ಲಿ ಅಕ್ಕಾಸಾಹೇಬರ ಬಂಗಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದವಳು. ಅಕ್ಕಾಸಾಹೇಬರು ಒಂದು ಚುನಾವಣೆಗೂ ನಿಂತವರಲ್ಲ. ಯಾರು ನಿಲ್ಲಬೇಕೆಂಬುದು ಮಾತ್ರ ಅವರ ಊಟದ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ಅವರ ಜೀವನಚರಿತ್ರೆ ಬರೆದ ಮಹಾನುಭಾವ ನಾನೇ. ಶಾಲೆಯ ಮಾಸ್ತರನಿಗೆ ಬಂಗಲೆಯಿಂದ ಕರೆ ಬಂದರೆ ಬೆನ್ನು ತಾನಾಗಿ ಬಾಗುತ್ತದೆ.

ಆ ಪುಸ್ತಕವನ್ನು ಸಿನಿಮಾ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬುವ ಹೊತ್ತಿಗೆ ಕಾಶವ್ವ ವಯಸ್ಸಾಗಿ ರಬಕವಿಗೆ ಮರಳಿದ್ದಳು. ಅವಳಿಗೆ ಓದು ಬಾರದು. "ಓದಿ ಹೇಳ್ರಿ, ಕೇಳ್ತೀನಿ" ಎಂದಳು. ಹಿನ್ನೀರಿಗೆ ಮನೆ ಕಳೆದುಕೊಂಡ ಬೀಳಗಿ ಕಡೆಯ ಹೆಂಗಸರು ಬಂಗಲೆಗೆ ಬಂದ ಪುಟ ತೆಗೆದೆ. ಅಕ್ಕಾಸಾಹೇಬರು ಅವರ ಜೊತೆ ನೆಲಕ್ಕೆ ಕುಳಿತು ರೊಟ್ಟಿ ತಿಂದರು, ಕಣ್ಣೀರು ಒರೆಸಿದರು ಎಂದು ಬರೆದಿದ್ದೆ.

ಜೋಳ ಹಸನು ಮಾಡುತ್ತಿದ್ದ ಅವಳ ಕೈ ನಿಂತಿತು.

"ಯಾರು ಬಡದ ರೊಟ್ಟಿರಿ ಅವು? ಒಳಗ ಮಂತ್ರಿ ಉಣ್ಣಾಕತ್ತಿದ್ದ. ಈ ಹೆಣಮಕ್ಕಳು ಹೊರಗ ಬಿಸಲಾಗ ಕುಂತಿದ್ರು. ನಾ ಒಂದು ಬುಟ್ಟಿ ರೊಟ್ಟಿ ಒಯ್ಯಾಕ ಹೋದ್ರ, 'ಒಂದ ಸಲ ಕೊಟ್ರ ದಿನಾ ಬರ್ತಾರ' ಅಂತ ಅಕ್ಕಾಸಾಹೇಬ್ರು ಬಾಗಲಾ ಹಾಕಿಸಿದ್ರು. ಖರೆ ಬರಿಯಾಕ ನಿಮ್ಮ ಕೈಗೆ ಏನಾಗಿತ್ರಿ?"

ಆಮೇಲೆ ಸಿನಿಮಾವನ್ನು ಅವಳೇ ಕುಳಿತಲ್ಲೇ ಬಾಯಲ್ಲಿ ತೆಗೆದಳು. "ಅವರ ಮಾರಿ ತೋರಸಬ್ಯಾಡ್ರಿ. ಮುಚ್ಚಿದ ಬಾಗಲಾ ತೋರಸ್ರಿ. ಒಳಗ ನಗೂದು ಕೇಳಬೇಕು, ಹೊರಗ ಕೂಸು ಅಳಬೇಕು. ನಾ ಬುಟ್ಟಿ ಹಿಡಕೊಂಡು ನಿಂತಿರಬೇಕು. ನನ್ನ ತಪ್ಪೂ ಇರ್ಲಿ. ಆ ಬಾಗಲಾ ನಾ ತಗೀಲಿಲ್ಲ."

ಎರಡನೇ ಮುದ್ರಣದಲ್ಲಿ ತಿದ್ದುತ್ತೇನೆಂದು ಮಾತು ಕೊಟ್ಟೆ. ಮುದ್ರಣವೂ ಬಂತು. ಒಂದಕ್ಷರ ತಿದ್ದಿರಲಿಲ್ಲ. ಬಂಗಲೆಯವರನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ, ಥೂ ನನ್ನ ಜನ್ಮಕ್ಕೆ. ಕಾಶವ್ವ ಆಗ ಹಾಸಿಗೆ ಹಿಡಿದಿದ್ದಳು. ಓದಲು ಹೇಳಿದಳು. ಅದೇ ಸುಳ್ಳಿನ ಪುಟ ತೆರೆದು, ಅಲ್ಲಿ ಇಲ್ಲದ್ದನ್ನೆಲ್ಲ ಓದಿದೆ: ಮುಚ್ಚಿದ ಬಾಗಿಲು, ಬುಟ್ಟಿ, ಅಳುವ ಕೂಸು.

"ಈಗ ಛಲೋ ಆತ್ರಿ ಮಾಸ್ತರ" ಎಂದಳು. "ಆ ಹಾಳಿ ಮಡಚಿ ಇಲ್ಲೇ ಇಟ್ಟು ಹೋಗ್ರಿ."

ಸಿನಿಮಾ ಬರಲೇ ಇಲ್ಲ. ಕಾಶವ್ವ ಹೋದಳು. ಮಣ್ಣು ಮುಗಿಸಿ ಬಂದಾಗ ಅವಳ ಸೊಸೆ ಆ ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು.

"ನಮ್ಮತ್ತಿ ಹೋಗೂ ಹಿಂದಿನ ದಿನ, ಮಡಚಿದ ಹಾಳಿ ಇನ್ನೊಮ್ಮೆ ಓದು ಅಂದ್ರು ಸರ. ಇದ್ದದ್ದು ಇದ್ದಂಗ ಓದಿ ಹೇಳಿದ್ನಿರಿ."

"ಏನಂದಳು?"

"ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು."