ಮಲಗಿದ ಲಕ್ಷ್ಮಿ

ವರ್ಷದಲ್ಲಿ ಐದು ತಿಂಗಳು ನಾನು ಸಿರಿವಂತೆ. ಉಳಿದ ಏಳು ತಿಂಗಳು ನಿಮ್ಮ ಹಾಗೆಯೇ ಟೊಮೇಟೊ ಬೆಲೆ ಕೇಳಿ ಮುಂದಿನ ಅಂಗಡಿಗೆ ಹೋಗುವವಳು. ಈ ಸಿರಿತನ ಲಾಟರಿಯಿಂದ ಬಂದದ್ದಲ್ಲ, ಥಾಯ್ಲೆಂಡ್ ದೇಶದ ಕಾನೂನಿನಿಂದ ಬಂದದ್ದು. ಕೆಲಸದಿಂದ ನಿವೃತ್ತರಾದ ಪರದೇಶದವರು ಅಲ್ಲಿ ಇನ್ನೊಂದು ವರ್ಷ ಇರಬೇಕಾದರೆ ಅಲ್ಲಿನ ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ಇಟ್ಟಿರಬೇಕು. ಅರ್ಜಿ ಹಾಕುವ ಮೊದಲು ಎರಡು ತಿಂಗಳು, ಅನುಮತಿ ಸಿಕ್ಕ ಮೇಲೆ ಮೂರು ತಿಂಗಳು ಅದರಲ್ಲಿ ಒಂದು ಕಾಸೂ ಇಳಿಯಬಾರದು. ಆಮೇಲೆ ಬೇಕಾದರೆ ಅರ್ಧ ತೆಗೆಯಬಹುದು, ಮತ್ತೆ ಅರ್ಜಿಯ ಕಾಲಕ್ಕೆ ತುಂಬಿಡಬೇಕು. ಚಿಂತಾಮಣಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ್ದಕ್ಕೆ ಸಿಕ್ಕ ಇಡಿಗಂಟು ಹೀಗೆ ಸಮುದ್ರ ದಾಟಿ ಹೋಗಿ ಅಲ್ಲಿ ಮಲಗಿಕೊಂಡಿದೆ. ನಾನು ಬದುಕುವುದು ಪಿಂಚಣಿಯಲ್ಲಿ. ಆ ದುಡ್ಡು ನನ್ನದೇ, ಆದರೆ ನಾನು ಅದನ್ನು ಮುಟ್ಟುವ ಹಾಗಿಲ್ಲ.

ದುಡ್ಡಿಗೆ ಮೂರೇ ಗತಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು: ಯಾರಿಗಾದರೂ ಕೊಡಬೇಕು, ಇಲ್ಲ ತಾನು ಉಣ್ಣಬೇಕು, ಎರಡೂ ಮಾಡದಿದ್ದರೆ ಅದು ತಾನಾಗಿ ಹಾಳಾಗುತ್ತದೆ. ಪಾಪ, ಅವರು ವೀಸಾ ಆಫೀಸು ನೋಡಿದವರಲ್ಲ. ಸುಮ್ಮನೆ ತೋರಿಸುವುದಕ್ಕೇ ಇರುವ ದುಡ್ಡು ಎಂಬ ನಾಲ್ಕನೆಯ ಗತಿ ಅವರಿಗೆ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಪಕ್ಕದ ಮನೆಯ ಸರ ಹಾಕಿಕೊಂಡು ಕೂರುತ್ತಿದ್ದರಲ್ಲ, ಅಷ್ಟೇ ಇದೂ. ವ್ಯತ್ಯಾಸವೆಂದರೆ ನನ್ನ ಕೊರಳಿನದು ನನ್ನದೇ ಸರ.

ನಿಮಗೆ ಅಲ್ಲಿಗೆ ಯಾಕೆ ಹೋದೆ ಎಂದು ಕೇಳುವ ಆಸೆ. ಎಲ್ಲರೂ ಕೇಳುತ್ತಾರೆ. ಮದುವೆಯಾಗದ ಹೆಂಗಸು ರಿಟೈರಾದ ಮೇಲೆ ಕಾಶಿಗೆ ಹೋದರೆ ಯಾರೂ ಕಾರಣ ಕೇಳುವುದಿಲ್ಲ, ಥಾಯ್ಲೆಂಡಿಗೆ ಹೋದರೆ ಊರೆಲ್ಲ ಕೇಳುತ್ತದೆ. ಕಾರಣ ಅಂಥದ್ದೇನೂ ಇಲ್ಲ. ಟೀಚರುಗಳೆಲ್ಲ ಸೇರಿ ಹತ್ತು ದಿನದ ಟೂರು ಹೋಗಿದ್ದೆವು. ಉತ್ತರದ ಕಡೆ, ನದಿ ದಂಡೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಡ್ರೈವರು ರಿಪೇರಿ ಮಾಡುವಷ್ಟು ಹೊತ್ತು ನಾನೊಂದು ಮರದ ಬೆಂಚಿನ ಮೇಲೆ ಕೂತಿದ್ದೆ. ನದಿಯ ಮೇಲಿನ ಮಂಜು ಆಗ ತಾನೇ ಏಳುತ್ತಿತ್ತು, ಆಚೆ ದಡದಲ್ಲಿ ಒಬ್ಬಳು ಮುದುಕಿ ಯಾವ ಆತುರವೂ ಇಲ್ಲದೆ ಬಟ್ಟೆ ಹರವುತ್ತಿದ್ದಳು. ಮೂವತ್ತು ವರ್ಷ ಬೆಲ್ಲಿಗೆ ಎದ್ದು ಬೆಲ್ಲಿಗೆ ಕೂತ ನನಗೆ ಆ ಮುದುಕಿಯನ್ನು ನೋಡಿ ಹೊಟ್ಟೆಕಿಚ್ಚಾಯಿತು. ಎರಡು ವರ್ಷದ ನಂತರ ಅದೇ ಊರಿಗೆ ಹೋಗಿ ನೋಯ್ ಎಂಬಾಕೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದೆ. ಈಗ ಬಟ್ಟೆ ಹರವುವ ಮುದುಕಿ ನಾನೇ. ಕಿಟಕಿಯಿಂದ ದೂರದಲ್ಲಿ ಒಂದು ಬಂಡೆಗುಡ್ಡ ಕಾಣುತ್ತದೆ. ಕನ್ನಡಕ ಹಾಕಿಕೊಳ್ಳದೆ ನೋಡಿದರೆ ಅದು ನಮ್ಮ ಚಿಂತಾಮಣಿಯ ಅಂಬಾಜಿದುರ್ಗ. ಹಾಗಾಗಿ ಬೆಳಗಿನ ಹೊತ್ತು ನಾನು ಕನ್ನಡಕ ಹಾಕುವುದಿಲ್ಲ.

ಮುಟ್ಟಬಾರದ ದುಡ್ಡು ಎಂಬುದು ನನ್ನಂಥವಳಿಗೆ ಹೊಸ ಪಾಠವೇನೂ ಆಗಬೇಕಿರಲಿಲ್ಲ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ, ರೇಷ್ಮೆಹುಳು ಸಾಕುವ ಮನೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಬಿಡುತ್ತದೆ. ಆಗೆಲ್ಲ ತಲೆಯೆತ್ತಿ, ತಿನ್ನದೆ, ಅಲುಗಾಡದೆ ಇದ್ದಲ್ಲೇ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಏನೇನೋ ಹೆಸರಿದೆ, ನಮ್ಮ ಕಡೆ ಹುಳು ಜ್ವರಕ್ಕೆ ಕೂತಿದೆ ಅಂತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಕೈಯಾಡಿಸಬಾರದು. ಅಮ್ಮ ಆ ಹೊತ್ತಿನಲ್ಲಿ ಹುಳುಮನೆಯೊಳಗೆ ಗಟ್ಟಿಯಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ವೀಸಾ ನಿಯಮ ಓದಿದ ದಿನ ನನಗೆ ಥಟ್ಟನೆ ಅರ್ಥವಾಯಿತು: ಅರ್ಜಿಗೆ ಮುಂಚಿನ ಎರಡು ತಿಂಗಳು ದುಡ್ಡು ಜ್ವರಕ್ಕೆ ಕೂತಿರುತ್ತದೆ, ಎಬ್ಬಿಸಬಾರದು. ಇಷ್ಟು ಚೆನ್ನಾಗಿ ಅರ್ಥವಾದ ಮೇಲೂ ನಾನು ಮಾಡಿದ ಕೆಲಸ ಕೇಳಿ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬ. ಪರದೇಶದಲ್ಲಿದ್ದರೇನು, ಕಲಶ ಇಡದೆ ಇರಲಾದೀತೇ? ತೆಂಗಿನಕಾಯಿ ಅಲ್ಲಿ ಧಾರಾಳ, ತಾವರೆಯಂತೂ ನಮ್ಮಲ್ಲಿ ಸೇವಂತಿಗೆ ಸಿಕ್ಕುವ ಹಾಗೆ ಸಿಗುತ್ತದೆ. ನನ್ನ ಒಂದು ಹಳೇ ಕುಪ್ಪಡ ಸೀರೆಯನ್ನು ಮಡಿಸಿ ಕಲಶಕ್ಕೆ ಉಡಿಸಿದ್ದೂ ಆಯಿತು. ಇನ್ನು ಉಳಿದದ್ದು ದೇವಿಯ ಮುಂದೆ ಇಡುವ ದುಡ್ಡು. ನಮ್ಮ ಮನೆಯಲ್ಲಿ ಆ ದಿನ ಇದ್ದ ದುಡ್ಡನ್ನೆಲ್ಲ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುವುದು ರೂಢಿ. ನನ್ನ ಪರ್ಸಿನಲ್ಲಿ ತರಕಾರಿಯ ಚಿಲ್ಲರೆ ಇತ್ತು. ಅದನ್ನೇ ಇಡಲು ಹೋದೆ, ಮನಸ್ಸು ಒಪ್ಪಲಿಲ್ಲ. ನನ್ನನ್ನು ಈ ದೇಶದಲ್ಲಿ ಉಳಿಸಿಕೊಂಡಿರುವ ಲಕ್ಷ್ಮಿ ಬ್ಯಾಂಕಿನ ಕತ್ತಲಲ್ಲಿ ಮಲಗಿರುವಾಗ ಈ ಚಿಲ್ಲರೆಗೆ ಆರತಿಯೇ? ವರ್ಷಕ್ಕೊಂದು ಸಲ ಅವಳೂ ಮನೆಗೆ ಬರಬೇಡವೇ? ಗುರುವಾರ ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಹತ್ತು ಸಾವಿರ ಬಾತ್ ತೆಗೆದೆ. ಶುಕ್ರವಾರ ಆರತಿ ಮಾಡಿದೆ. ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಕಳಿಸುವುದುಂಟೇ? ಶನಿವಾರ, ಭಾನುವಾರ ಬ್ಯಾಂಕಿಲ್ಲ. ಸೋಮವಾರ ಬೆಳಿಗ್ಗೆ ಅದೇ ನೋಟುಗಳನ್ನು, ಕುಂಕುಮದ ಸಮೇತ, ವಾಪಸು ಕಟ್ಟಿದೆ. ದೊಡ್ಡ ಮನುಷ್ಯಳ ಹಾಗೆ ಮೇಲೊಂದು ನೂರು ಸೇರಿಸಿದೆ. ಮನಸ್ಸು ತುಂಬಿ ಬಂತು.

ಸೆಪ್ಟೆಂಬರಿನಲ್ಲಿ ಅರ್ಜಿ ಹಿಡಿದು ವೀಸಾ ಆಫೀಸಿಗೆ ಹೋದೆ. ಕಿಟಕಿಯಲ್ಲಿದ್ದ ಹುಡುಗಿ ನನ್ನನ್ನು ಗುರುತಿಸಿ 'ಖ್ರೂ' ಎಂದು ಕರೆದಳು. ಅಂದರೆ ಟೀಚರು. ನಮ್ಮ ಗುರುವೇ ಅಲ್ಲಿಗೆ ನಡೆದು ಹೋಗಿ ಖ್ರೂ ಆಗಿದ್ದಾನೆ. ಅವಳು ಪಾಸ್‌ಬುಕ್ಕಿನ ಸಾಲುಗಳ ಮೇಲೆ ಪೆನ್ಸಿಲು ಓಡಿಸಿಕೊಂಡು ಬಂದು, ಒಂದು ಕಡೆ ನಿಲ್ಲಿಸಿ, ನನ್ನ ಮುಖ ನೋಡಿದಳು. ಆ ನಾಲ್ಕು ದಿನ ದುಡ್ಡು ಎಂಟು ಲಕ್ಷಕ್ಕಿಂತ ಕಡಿಮೆ ಇತ್ತು. ನಾನು ಹರಕು ಮುರಕು ಥಾಯ್ ಭಾಷೆಯಲ್ಲಿ, ಆಮೇಲೆ ಕೈಸನ್ನೆಯಲ್ಲಿ, ಕೊನೆಗೆ ಫೋನಿನಲ್ಲಿದ್ದ ಕಲಶದ ಚಿತ್ರ ತೋರಿಸಿ ವಿವರಿಸಿದೆ. ದುಡ್ಡು ಎಲ್ಲೂ ಹೋಗಿರಲಿಲ್ಲಮ್ಮ, ದೇವಿಯ ಮುಂದೆ ಕೂತಿತ್ತು. ಆ ಹುಡುಗಿ ಚಿತ್ರವನ್ನು ನೋಡಿ ಎರಡೂ ಕೈ ಜೋಡಿಸಿ ಭಕ್ತಿಯಿಂದ ನಮಸ್ಕಾರ ಮಾಡಿದಳು. ಆಮೇಲೆ ಅಷ್ಟೇ ಭಕ್ತಿಯಿಂದ ಅರ್ಜಿಯನ್ನು ನನಗೆ ವಾಪಸು ಕೊಟ್ಟಳು.

ಎರಡು ತಿಂಗಳ ಲೆಕ್ಕ ದುಡ್ಡು ವಾಪಸು ಕಟ್ಟಿದ ಆ ಸೋಮವಾರದಿಂದ ಹೊಸದಾಗಿ ಶುರುವಾಗಿತ್ತು, ಅದು ಮುಗಿಯುವ ಮೊದಲೇ ನನ್ನ ಅನುಮತಿ ಮುಗಿಯುತ್ತಿತ್ತು. ದೇಶ ಬಿಟ್ಟು ಹೋಗಿ, ನಿಮ್ಮ ಊರಿನಿಂದ ಹೊಸ ವೀಸಾ ಕೇಳಿ, ದುಡ್ಡು ಮಾತ್ರ ಮುಟ್ಟಬೇಡಿ ಎಂದರು ಆಫೀಸಿನವರು. ನೋಯ್ ವರ್ಷದ ಕೊನೆಯವರೆಗೆ ಕೋಣೆಯನ್ನು ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಳು. ಅಷ್ಟರಲ್ಲಿ ವೀಸಾ ಬರದಿದ್ದರೆ ಆ ಕಿಟಕಿ, ಆ ನದಿ, ಬಟ್ಟೆ ಹರವುವ ಆ ತಂತಿ ಎಲ್ಲ ಇನ್ನೊಬ್ಬರ ಪಾಲು. ವಿಮಾನದಲ್ಲಿ ಕೂತು ಅತ್ತೆ. ಪಕ್ಕದವರು ನೀರು ಕೊಟ್ಟರು.

ಹೀಗೆ ನನ್ನ ದುಡ್ಡು ಅಲ್ಲಿ, ನಾನು ಇಲ್ಲಿ ದಿಬ್ಬೂರಹಳ್ಳಿಯಲ್ಲಿ, ತಮ್ಮ ಮುನಿರಾಜುವಿನ ಮನೆಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಚಾಪೆಯಲ್ಲಿ ಉರುಳಿಕೊಳ್ಳುತ್ತೇನೆ. ಪಕ್ಕದ ಹುಳುಮನೆಯಿಂದ ಹಸಿ ಸೊಪ್ಪಿನ ವಾಸನೆ ಬರುತ್ತದೆ. ಹುಳು ಮೇಯುವ ಸಣ್ಣ ಸದ್ದು ಕೇಳುತ್ತಾ ಕಣ್ಣು ಮುಚ್ಚಿದರೆ ನದಿಯ ಪಕ್ಕದಲ್ಲಿದ್ದೇನೋ, ಅಮ್ಮನ ಪಕ್ಕದಲ್ಲಿದ್ದೇನೋ ತಿಳಿಯುವುದಿಲ್ಲ. ಒಂದು ದಿನ ಅರೆನಿದ್ದೆಯಲ್ಲಿ ತಮ್ಮನನ್ನು ಥಾಯ್ ಭಾಷೆಯಲ್ಲಿ ನೀರು ಕೇಳಿದೆ. ಅವನು ಕಾಫಿ ತಂದುಕೊಟ್ಟ. ಹಗಲುಗನಸು ಕಾಣುವುದಕ್ಕೆ ಯಾವ ದೇಶವೂ ವೀಸಾ ಕೇಳುವುದಿಲ್ಲವಲ್ಲ ಎಂದುಕೊಂಡು ಮತ್ತೆ ಮಲಗಿದೆ.

ಆದರೆ ಕನಸಿಗೂ ಒಂದು ಮುಳ್ಳಿತ್ತು. ತಮ್ಮನ ಹೆಂಡತಿ ಪದ್ಮಮ್ಮ ನಾನು ಬಂದ ಮೂರನೇ ದಿನವೇ ಕೇಳಿದಳು, "ಯಾವಾಗ ಹೊರಡ್ತೀರಕ್ಕ?" ಮುಂದಿನ ವಾರ ಮತ್ತೆ. ದಸರೆಗೆ ಒಮ್ಮೆ. ದೀಪಾವಳಿಯ ದಿನ ಎಣ್ಣೆ ಹಚ್ಚುತ್ತಾ ಇನ್ನೊಮ್ಮೆ, "ವೀಸಾ ಯಾವಾಗ ಬರ್ತದೆ ಅಂದ್ರು? ತಾರೀಖು ಏನೂ ಹೇಳಲಿಲ್ವಾ?" ಆಂಧ್ರದ ಗಡಿಯ ಹುಡುಗಿ, ಮನಸ್ಸಿನಲ್ಲಿದ್ದದ್ದು ನಾಲಗೆಯಲ್ಲಿ. ಆದರೂ ನನಗೆ ಚುಚ್ಚಿತು. ನಾನು ಹುಟ್ಟಿದ ಮನೆ, ನಾನು ತೊಟ್ಟಿಲಲ್ಲಿ ಮಲಗಿದ ಪಡಸಾಲೆ. ಇಲ್ಲಿರುವುದಕ್ಕೆ ಯಾರೂ ಪಾಸ್‌ಬುಕ್ ಕೇಳುವುದಿಲ್ಲ, ನಿಜ. ಹಾಗಂತ ನಿಯಮವೇ ಇಲ್ಲವೆಂದಲ್ಲ. ಮದುವೆಯಾಗದ ಅಕ್ಕ ಹುಟ್ಟಿದ ಮನೆಯಲ್ಲಿ ಎಷ್ಟು ದಿನ ಇದ್ದರೆ ಅಕ್ಕ, ಎಷ್ಟು ದಿನದ ಮೇಲೆ ನೆಂಟಳು, ಅದಾದ ಮೇಲೆ ಏನು ಎಂದು ಯಾರೂ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಲ್ಲ, ಅಷ್ಟೇ. ಆ ದೇಶದವರು ಕನಿಷ್ಠ ಕಿಟಕಿಯ ಪಕ್ಕದಲ್ಲಿ ಅಂಟಿಸಿರುತ್ತಾರೆ. ಇದನ್ನೆಲ್ಲ ಯೋಚಿಸಿ, ಇರುವ ಋಣ ತೀರಿಸಲೆಂದು ನಾನೂ ತೋಟಕ್ಕೆ ಹೋಗಿ ಸೊಪ್ಪು ಕೊಯ್ಯತೊಡಗಿದೆ. ಎಲೆ ಬಿಟ್ಟು ಬೆರಳು ಕೊಯ್ದುಕೊಂಡೆ. ರೇಷ್ಮೆಹುಳುವಿನ ಜೀವನಚಕ್ರವನ್ನು ಬೋರ್ಡಿನ ಮೇಲೆ ಮೂವತ್ತು ವರ್ಷ ಬರೆದವಳ ಕೈಗೆ ಪದ್ಮಮ್ಮ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಕಟ್ಟುತ್ತಾ, "ಹೊರಡೋ ಹೊತ್ತಿಗೆ ವಾಸಿಯಾಗ್ತದೆ ಬಿಡಿ" ಎಂದಳು.

ನವೆಂಬರಿನ ಒಂದು ಬೆಳಿಗ್ಗೆ ಪಿಂಚಣಿಯ ಕಾಗದಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಹೊರಟೆ. ಪದ್ಮಮ್ಮ ಒಳ್ಳೆಯ ಸೀರೆ ಉಟ್ಟು, "ನಂಗೂ ಸ್ವಲ್ಪ ಕೆಲ್ಸ ಐತೆ" ಎಂದು ಜೊತೆಗೆ ಬಂದಳು. ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಾಗ ಫೋನು ಗುಂಯ್ ಎಂದಿತು. ವೀಸಾ ಬಂದಿತ್ತು. ಮೂರು ಸಲ ಓದಿದೆ. ನನ್ನ ಕೋಣೆ ನನಗೆ ಉಳಿಯಿತು ಎಂದು ಅಂಗಡಿಯವನಿಗೆ ಹೇಳಿದೆ, ಅವನು ಎರಡೂ ಕಡೆ ಜೆರಾಕ್ಸ್ ಬೇಕಾ ಎಂದ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಪದ್ಮಮ್ಮನಿಗೆ ತಿಳಿಸಿದೆ, "ಬಂತಮ್ಮ. ಇನ್ನು ಹದಿನೈದು ದಿನದಲ್ಲಿ ಹೊರಡ್ತೀನಿ." ನಿಜ ಹೇಳುತ್ತೇನೆ, ಅವಳ ಮುಖದಲ್ಲಿ ನಿರಾಳ ಕಾಣುತ್ತದೆಯೋ ಇಲ್ಲವೋ ಎಂದು ಓರೆಗಣ್ಣಿನಿಂದ ಕಾಯುತ್ತಿದ್ದೆ. ಅವಳು ಗಾಬರಿಯಾದಳು.

"ಅಯ್ಯೋ ದೇವುಡಾ, ಹದಿನೈದೇ ದಿನಾನಾ? ಅಷ್ಟರಲ್ಲಿ ಪಾಸ್‌ಪೋರ್ಟ್ ಬರ್ತದಾ ಅಕ್ಕ?"

"ಯಾರದ್ದೇ ಪಾಸ್‌ಪೋರ್ಟು?"

"ನಂದೇ. ಹೋದ ತಿಂಗಳು ಚಿಂತಾಮಣೀಲಿ ಫೋಟೋ ತೆಗೆಸ್ಕೊಂಡು ಅರ್ಜಿ ಹಾಕ್ಸಿದೀನಿ. ಇವತ್ತು ಅದನ್ನೇ ವಿಚಾರ್ಸೋಕೆ ಬಂದಿದ್ದು." ಅವಳು ಸೆರಗಿನ ತುದಿ ನೋಡುತ್ತಾ ಮಾತಾಡಿದಳು. "ಒಂದು ತಿಂಗಳು ನಿಮ್ಮ ಜೊತೆ ಬಂದಿರ್ಲಾ ಅಂತ. ಮದ್ವೆಯಾಗಿ ಬಂದಾಗಿಂದ ಹುಳ, ಸೊಪ್ಪು, ಹುಳ, ಸೊಪ್ಪು. ಹುಳ ಇಲ್ದಿರೋ ಊರಲ್ಲಿ ಒಂದ್ಸಲ ಮಲಗಿ ಏಳ್ಬೇಕು ಕಣಕ್ಕ. ಮರಿಹುಳ ತರಿಸ್ಬೇಕೋ ಬೇಡ್ವೋ ಗೊತ್ತಾಗ್ಬೇಕಲ್ಲ, ಅದಕ್ಕೇ ನಿಮ್ಮನ್ನ ಅಷ್ಟು ಸಲ ಕೇಳಿದ್ದು, ಯಾವಾಗ ಹೊರಡ್ತೀರ ಅಂತ. ನಿಮ್ಮ ತಮ್ಮ ಹೂಂ ಅಂದವ್ರೆ. ಈ ಸಲ ಒಂದು ಬೆಳೆ ಬಿಟ್ಬಿಡಣ ಅಂದವ್ರೆ."

ನಾನು ಎರಡು ತಿಂಗಳು ಮನಸ್ಸಿನಲ್ಲಿ ಕಟ್ಟಿದ್ದ ನಿಯಮಗಳ ಗೋಡೆಯೆಲ್ಲ ಆ ಬೆಂಚಿನ ಮೇಲೆ ಕುಸಿದು ಬಿತ್ತು. ನಾಚಿಕೆಯಾಯಿತು. ಅವಳು ಅಷ್ಟರಲ್ಲಿ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ಬಿಚ್ಚಿ, ಅದರೊಳಗಿನ ಇನ್ನೊಂದು ಕವರು ಬಿಚ್ಚಿ, ಒಂದು ಪಾಸ್‌ಬುಕ್ಕನ್ನು ನನ್ನ ಕೈಯಲ್ಲಿಟ್ಟಳು.

"ಹಸುವಿನ ಹಾಲಿನ ದುಡ್ಡು. ಡೈರಿಯವ್ರು ನನ್ನ ಹೆಸ್ರಿಗೇ ಹಾಕ್ತಾರೆ. ಆ ದೇಶದಲ್ಲಿ ಇರ್ಬೇಕಂದ್ರೆ ದುಡ್ಡು ತೋರಿಸ್ಬೇಕು, ತೆಗ್ದಿರ್ಬಾರ್ದು ಅಂತ ನೀವು ಹೇಳ್ತಿದ್ರಲ್ಲ. ನಿಮ್ಮಷ್ಟಿಲ್ಲ. ಇದು ಸಾಕಾಗ್ತದಾ ನೋಡಿ."

ಬಿಡಿಸಿ ನೋಡಿದೆ. ಹದಿನೈದು ದಿನಕ್ಕೊಮ್ಮೆ ಸಣ್ಣ ಸಣ್ಣ ಮೊತ್ತ ಬಂದು ಸೇರಿತ್ತು. ಪುಟ ತಿರುಗಿಸಿದೆ, ಇನ್ನೊಂದು ತಿರುಗಿಸಿದೆ. ಏಳು ವರ್ಷ. ತೆಗೆದದ್ದು ಎಂಬ ಕಾಲಂ ಪೂರ್ತಿ ಖಾಲಿ. ಈ ಏಳು ವರ್ಷದಲ್ಲಿ ಆ ಮನೆಗೆ ಏಳು ಸಲ ವರಮಹಾಲಕ್ಷ್ಮಿ ಬಂದು ಹೋಗಿದ್ದಳು.

"ಒಂದು ತಿಂಗಳಿಗೆ ಬರೋರನ್ನ ಪಾಸ್‌ಬುಕ್ ಕೇಳೋದಿಲ್ಲ ಕಣೇ ಪದ್ಮ. ಟಿಕೆಟ್ಟು, ಕೈಯಲ್ಲಿ ಸ್ವಲ್ಪ ಕಾಸು ಇದ್ರೆ ಸಾಕು. ಪಾಸ್‌ಪೋರ್ಟ್ ಬರೋವರೆಗೂ ನಾನೂ ಹೊರಡಲ್ಲ. ಕೋಣೆ ವರ್ಷದ ಕೊನೇವರೆಗೂ ಇರುತ್ತೆ."

ಅವಳ ಮುಖ ಅರಳಿತು. ಆಮೇಲೆ ಸ್ವಲ್ಪ ಬಾಡಿತು. "ಹಂಗಂದ್ರೆ ಇದನ್ನ ಯಾರೂ ನೋಡೋದೇ ಇಲ್ವಾ?" ಎಂದಳು.

ಶಿಡ್ಲಘಟ್ಟದ ಬಸ್ಸು ಬಂದು ನಿಂತಿತ್ತು. ಏಳಲು ಹೊರಟವಳನ್ನು ಕೈ ಹಿಡಿದು ಕೂರಿಸಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಪರ್ಸಿನಲ್ಲಿದ್ದ ಪೆನ್ಸಿಲು ಹಿಡಿದು ಮೊದಲ ಪುಟದ ಮೊದಲ ಸಾಲಿನಿಂದ ಶುರುಮಾಡಿ, ಒಂದೊಂದು ತಾರೀಖನ್ನೂ ಒಂದೊಂದು ಮೊತ್ತವನ್ನೂ ಬಿಡದೆ ಓದಿದೆ. ಪದ್ಮಮ್ಮ ಸೆರಗು ಸರಿಮಾಡಿಕೊಂಡು, ಆಫೀಸಿನ ಕಿಟಕಿಯ ಮುಂದೆ ಕೂತವಳಂತೆ ಉಸಿರು ಬಿಗಿಹಿಡಿದು ಕೂತಿದ್ದಳು. ಬಸ್ಸು ಹೋಯಿತು. ಕೊನೆಯ ಪುಟ ಮುಗಿಸಿ, ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಅವಳಿಗೆ ವಾಪಸು ಕೊಟ್ಟೆ.

"ಎಲ್ಲಾ ಸರಿಯಾಗಿದೆ," ಎಂದೆ. "ಎಷ್ಟು ದಿನ ಬೇಕಾದ್ರೂ ಇರಬಹುದು."