ಹೆಪ್ಪುಗಟ್ಟದ ದ್ರಾಕ್ಷಿರಸ

ಅವರ ಹಣೆಯ ಮೂರೆಳೆ ವಿಭೂತಿಯಲ್ಲಿ ಕೆಳಗಿನ ಎಳೆ ಬಲಹುಬ್ಬಿನ ಹತ್ತಿರ ಬಂದು ಕಾಲಂಗುಲದಷ್ಟು ತುಂಡಾಗುತ್ತಿತ್ತು. ಅಲ್ಲೊಂದು ನುಣುಪಾದ ಗಾಯದ ಕಲೆ. ವಿಭೂತಿ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಬಿಗಿಯಾಗಿ ಬಿರಡೆ ಹಾಕಿ ಕಾಯಿಸಿದ ಗಾಜಿನ ನಳಿಕೆ ಸಿಡಿದು ಆದ ಗಾಯ ಅದು. "ಬಿರಡೆ ಹಾಕಿದ್ದೀಯೇನಮ್ಮ ಅಂತ ಕೇಳ್ದೆ. ಇಲ್ಲ ಸಾರ್ ಅಂದ್ಲು. ನಂಬಿ ಬಗ್ಗಿ ನೋಡ್ದೆ," ಎಂದು ಹೇಳಿ ನಗುತ್ತಿದ್ದರು.

ಅವರು ಅರಸೀಕೆರೆಯಲ್ಲಿ ನನ್ನ ಮನೆ ಮಾಲೀಕರು, ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಅವರ ಮನೆ. ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ, ಒಂದು ಅಡುಗೆ ಕಟ್ಟೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಲು ನಾನು ಆ ಊರಿಗೆ ಬಂದಾಗ ಎಂಟು ಮನೆಗಳ ಬಾಗಿಲು ತಟ್ಟಿದ್ದೆ. ಎಂಟರಲ್ಲೂ ಒಂದೇ ಪ್ರಶ್ನೆ: "ಒಬ್ರೇನಾ? ಮದ್ವೆ ಆಗಿಲ್ವಾ?" ಇವರು ಮಾತ್ರ ಏನು ಓದಿದ್ದೀಯೆಂದು ಕೇಳಿದರು. ಹೇಳಿದೆ.

"ಹಂಗಾದ್ರೆ ಸುಳ್ಳು ಅಂಕಿ ಕಂಡ್ರೆ ನಿಂಗೆ ಗೊತ್ತಾಗ್ತದೆ," ಎಂದರು. ಆಮೇಲೆ, ಬೀಗದ ಕೈ ಕೊಡುತ್ತಾ, "ಮಾಂಸ, ಮದ್ಯ ಈ ಮೆಟ್ಲು ಹತ್ತಬಾರ್ದು ಕಣಮ್ಮ. ಉಳಿದಿದ್ದು ನಿನ್ನಿಷ್ಟ. ಯಾರು ಬಂದ್ರು, ಎಷ್ಟೊತ್ತಿಗೆ ಬಂದೆ, ಏನೂ ಕೇಳಲ್ಲ."

ನಾನು ಒಪ್ಪಿಕೊಂಡೆ. ಕೊಟ್ಟ ಮಾತಿನಂತೆ ಅವರು ಒಮ್ಮೆಯೂ ಏನನ್ನೂ ಕೇಳಲಿಲ್ಲ. ಒಬ್ಬಳೇ ಇರುವ ಹೆಣ್ಣಿಗೆ ಆ ಊರಿನಲ್ಲಿ ಅಂಥ ಇನ್ನೊಂದು ಕೋಣೆ ಇರಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಳತೆಯಿಲ್ಲದೆ ಅವರು ಏನನ್ನೂ ಹೇಳುತ್ತಿರಲಿಲ್ಲ. ಮಳೆ ಜೋರಾಗಿ ಬಂತೆಂದರೆ "ಜೋರು ಅಂದ್ರೆ ಎಷ್ಟು?" ಎನ್ನುತ್ತಿದ್ದರು. ಅಂಗಳದಲ್ಲಿ ಅದಕ್ಕೊಂದು ಡಬ್ಬಿಯನ್ನೇ ಇಟ್ಟಿದ್ದರು. "ಉಪ್ಪಿಗೂ ತಕ್ಕಡಿ ತರ್ತಾರೆ ಕಣೇ ಇವ್ರು. ಇವರ ಜೊತೆ ಸಂಸಾರ ಮಾಡಿದ್ದಕ್ಕೆ ನಂಗೂ ಒಂದು ಡಿಗ್ರಿ ಕೊಡ್ಬೇಕು," ಎಂದು ಅವರ ಹೆಂಡತಿ ಹೇಳುತ್ತಿದ್ದರು. ವರ್ಷಗಟ್ಟಲೆ ಲ್ಯಾಬಿನ ಹೊಗೆ ಕುಡಿದು ಮೇಷ್ಟ್ರ ಮೂಗು ಸತ್ತುಹೋಗಿತ್ತು. ಪಕ್ಕದಲ್ಲೇ ಸಾರು ಸೀದರೂ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಆಗುವ ತನಕ ಹನಿ ನೀರೂ ಇಲ್ಲ. ತಮ್ಮ ಮನೆಯ ಅಡುಗೆಯ ಹೊರತು ಬೇರೆ ಕಡೆ ಏನನ್ನೂ ಬಾಯಿಗಿಡುತ್ತಿರಲಿಲ್ಲ. ಮದುವೆ ಮನೆಗಳಿಗೆ ಹೋದರೆ ಅಕ್ಷತೆ ಹಾಕಿ, ತಾಂಬೂಲ ತೆಗೆದುಕೊಂಡು ಬಂದುಬಿಡುತ್ತಿದ್ದರು.

ಎರಡನೆಯ ಬೇಸಿಗೆಯಲ್ಲಿ ನಾನು ಮಾತು ಮುರಿದೆ. ಎಂ.ಎಸ್ಸಿ. ಮುಗಿಸಿದ ವರ್ಷ ಮೈಸೂರಿನಲ್ಲಿ ಗೆಳತಿಯೊಬ್ಬಳು ಒಂದು ಪಾನೀಯ ಮಾಡಿಕೊಟ್ಟಿದ್ದಳು. ನೊರೆಯುಕ್ಕುವ ಬಿಳಿ ವೈನು, ಹಣ್ಣಿನ ರಸ, ಎರಡೂ ಸೇರಿ ಪುಡಿ ಹಿಮದ ಹಾಗೆ ಗಟ್ಟಿಯಾಗಿ, ನಾಲಿಗೆಯ ಮೇಲೆ ಇನ್ನೂ ಗುಳ್ಳೆ ಒಡೆಯುತ್ತಿತ್ತು. ಏಪ್ರಿಲ್ ತಿಂಗಳಲ್ಲಿ, ಕಾದ ಶೀಟಿನ ಕೆಳಗೆ ಉತ್ತರಪತ್ರಿಕೆ ತಿದ್ದುತ್ತಾ ಅದರ ನೆನಪಾಯಿತು. ಯಾರಿಗೋ ಬಡಿಸಲೆಂದಲ್ಲ, ನನಗೇ ಬೇಕಿತ್ತು. ಅರಸೀಕೆರೆಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಹಾಸನಕ್ಕೆ ಹೋಗಿ ಎರಡು ಬಾಟಲಿ ತಂದೆ, ದುಪಟ್ಟಾದಲ್ಲಿ ಸುತ್ತಿ, ಪುಸ್ತಕಗಳ ನಡುವೆ ಇಟ್ಟುಕೊಂಡು.

ಅದು ಆಗಲೇ ಇಲ್ಲ. ಮೊದಲನೆಯ ಬಾಟಲಿಯನ್ನು ಐಸಿನ ಜೊತೆ ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರಿ ಗೋಡೆಯೆಲ್ಲ ಅಂಟಂಟಾಯಿತು. ಜಾರಿನಲ್ಲಿ ಉಳಿದದ್ದರಲ್ಲಿ ಗುಳ್ಳೆಯೂ ಇರಲಿಲ್ಲ, ರುಚಿಯೂ ಇರಲಿಲ್ಲ. ಅದಕ್ಕೇ ದ್ರಾಕ್ಷಿರಸ ಬೆರೆಸಿ ನನ್ನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ನೀರು. ಸಿಹಿ ಸಾಲದೆಂದು ಸಕ್ಕರೆ ಹಾಕಿದೆ. ಇನ್ನಷ್ಟು ನೀರಾಯಿತು. ಮತ್ತೆ ರಸ, ಮತ್ತೆ ಮಿಕ್ಸಿ, ನಡುವೆ ಕರೆಂಟು ಹೋಗುವುದು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಒಂದು ಡಬ್ಬಿ ದ್ರವವನ್ನು ಗಟ್ಟಿ ಮಾಡಲು ಬರುವುದಿಲ್ಲವೆಂದು ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಮೂರನೆಯ ದಿನ ಮೇಷ್ಟ್ರು ಮೆಟ್ಟಿಲ ಬುಡದಿಂದ ಕೂಗಿದರು. "ಏನಮ್ಮ, ಮಿಕ್ಸಿ ತಿರುಗ್ತಾನೇ ಐತೆ?"

"ದ್ರಾಕ್ಷಿ ಜ್ಯೂಸು ಸಾರ್. ಎಷ್ಟು ಹೊತ್ತಿಟ್ಟರೂ ಐಸ್ ಆಗ್ತಿಲ್ಲ," ಎಂದೆ. ಅಷ್ಟಕ್ಕೇ ಬಿಡುತ್ತಾರೆ ಅಂದುಕೊಂಡಿದ್ದೆ.

ಅವರು ಬಿಡುವವರೇ ಅಲ್ಲ. ಸಂಜೆಗೆ ಲ್ಯಾಬಿನ ಥರ್ಮಾಮೀಟರು, ಒಂದು ನೋಟ್‌ಬುಕ್ಕು ತಂದರು. ಎಷ್ಟು ರಸ, ಎಷ್ಟು ಸಕ್ಕರೆ, ಎಷ್ಟು ಗಂಟೆ? ನಾನು ಒಂದೊಂದಕ್ಕೂ ಉತ್ತರ ಹೇಳಿದೆ, ವೈನನ್ನು ರಸದ ಲೆಕ್ಕಕ್ಕೆ ಸೇರಿಸಿ. ಅವರು ಅದನ್ನೆಲ್ಲ ಬರೆದುಕೊಂಡು ಕೆಳಗೆ ಹೋಗಿ, ತಮ್ಮ ಫ್ರಿಜ್ಜಿನಲ್ಲಿ ಅದೇ ಅಳತೆಯ ದ್ರಾಕ್ಷಿರಸ ಇಟ್ಟರು. ಅದು ಕಲ್ಲಿನ ಹಾಗೆ ಗಟ್ಟಿಯಾಯಿತು.

"ಫ್ರಿಜ್ಜಿನ ದೋಷ ಇರ್ಬೇಕು," ಎಂದೆ.

ತಮ್ಮ ಡಬ್ಬಿಯನ್ನು ನನ್ನ ಫ್ರಿಜ್ಜಿನಲ್ಲಿಡಲು ಹೇಳಿದರು. ಅಲ್ಲೂ ಗಟ್ಟಿಯಾಯಿತು. ಪಕ್ಕದಲ್ಲೇ ನನ್ನದು ನೀರಾಗಿ ಕೂತಿತ್ತು.

ಹನ್ನೆರಡು ದಿನ ಹೀಗೇ ನಡೆಯಿತು. ಪ್ರತಿ ಸಂಜೆ ಅವರು ಅಂಕಿ ಕೇಳುತ್ತಿದ್ದರು, ನಾನು ಕೊಡುತ್ತಿದ್ದೆ. "ಆಗ್ಬೇಕಲ್ಲಮ್ಮ ಇದು! ಯಾಕಾಗಲ್ಲ?" ಎಂದು ಹಣೆ ತಿಕ್ಕಿಕೊಳ್ಳುತ್ತಿದ್ದರು. ಊಟದ ನಡುವೆ ಎದ್ದು ಹೋಗಿ ಹಳೆಯ ಪಠ್ಯಪುಸ್ತಕ ತೆರೆಯುತ್ತಾರೆಂದು ಅವರ ಹೆಂಡತಿ ದೂರಿದರು. "ವಯಸ್ಸಾಯ್ತು. ತಲೆ ಮೊದ್ಲಿನಂಗೆ ಓಡ್ತಿಲ್ಲ," ಎಂದು ಅವರು ಒಂದು ದಿನ ಮೆಲ್ಲಗೆ ಹೇಳಿದಾಗ ನಾನು ನೆಲ ನೋಡುತ್ತಿದ್ದೆ. ಆ ಹೊತ್ತಿಗೆ ನನಗೆ ಆ ಪಾನೀಯ ಬೇಡವಾಗಿತ್ತು. ಎರಡನೆಯ ಬಾಟಲಿಯನ್ನು ಮೋರಿಗೆ ಸುರಿದು, ನಿಜವಾದ ರಸವಿಟ್ಟು, ಗಟ್ಟಿಯಾಯಿತು ಸಾರ್ ಎಂದು ಮುಗಿಸಬಹುದಿತ್ತು. ಯಾಕೆ ಹಾಗೆ ಮಾಡಲಿಲ್ಲವೋ ನನಗೆ ಇಂದಿಗೂ ಬಗೆಹರಿದಿಲ್ಲ. ಬಹುಶಃ ಅವರ ಜೊತೆ ಸೇರಿ ಅದನ್ನು ಗೆಲ್ಲಬೇಕೆಂಬ ಹಟ ನನಗೂ ಹತ್ತಿತ್ತು.

ಒಂದು ಸೋಮವಾರ, ಪೂಜೆ ಮುಗಿಸಿದವರೇ, ಮೊಪೆಡ್ಡಿನಲ್ಲಿ ಐಸ್ ಫ್ಯಾಕ್ಟರಿಗೆ ಹೋಗಿ ಗೋಣಿಚೀಲದಲ್ಲಿ ಐಸು ತಂದರು. ಮಹಡಿಯ ಮೇಲೆ ಬಕೆಟ್ಟಿನಲ್ಲಿ ಅದನ್ನು ಕುಟ್ಟಿ ಹಾಕಿ, ಕಲ್ಲುಪ್ಪು ಬೆರೆಸಿದರು. ನಡುವೆ ನನ್ನ ಸ್ಟೀಲ್ ಡಬ್ಬಿ. "ಕೈಯಾಡಿಸ್ತಾನೇ ಇರು. ಗುಳ್ಳೆ ಬೇಕು ಅಂದಿದ್ಯಲ್ಲ, ಸೋಡಾನ ಕೊನೇಲಿ ಹುಯ್ಕೋ, ಮಿಕ್ಸಿಗೆ ಮಾತ್ರ ಹಾಕ್ಬೇಡ," ಎಂದರು. ಮುಕ್ಕಾಲು ಗಂಟೆಯಲ್ಲಿ ಡಬ್ಬಿಯ ಅಂಚಿನಿಂದ ಹರಳು ಕಟ್ಟತೊಡಗಿತು. ಇನ್ನೂ ತೆರೆಯದಿದ್ದ ಎರಡನೆಯ ಬಾಟಲಿಯಿಂದ ಒಂದಿಷ್ಟನ್ನು ನಾನು ಒಳಗೆ ಹೋಗಿ ಚೊಂಬಿಗೆ ಬಗ್ಗಿಸಿಕೊಂಡು ಬಂದು, ಸೋಡಾ ಎಂದು ಹೇಳಿ ಮೇಲೆ ಹುಯ್ದೆ. ನೊರೆ ಉಕ್ಕಿ ಹಿಮದೊಳಗೆ ಇಳಿಯಿತು. ಮೈಸೂರಿನಲ್ಲಿ ಕಂಡದ್ದೇ ಅದು.

"ಆಯ್ತಲ್ಲಮ್ಮ!" ಅವರು ನೆಲದ ಮೇಲೆ ಕೂತೇ ಅಂಗೈ ಒರೆಸಿಕೊಂಡರು. ಆಮೇಲೆ ಕಟ್ಟೆಯ ಮೇಲಿದ್ದ ಚಮಚ ತೆಗೆದುಕೊಂಡು ಡಬ್ಬಿಯಲ್ಲಿ ಅದ್ದಿದರು. "ಹೊರಗಡೆ ಏನೂ ತಿನ್ನಲ್ಲ ನಾನು. ಆದ್ರೆ ಇದು ನಾವಿಬ್ರೂ ಮಾಡಿದ್ದು. ನೋಡೇ ಬಿಡೋಣ."

ಚಮಚ ಅವರ ತುಟಿಯ ಹತ್ತಿರ ಹೋಗಿತ್ತು. ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ತೂಗುತ್ತಿತ್ತು. ಸುಮ್ಮನಿದ್ದಿದ್ದರೆ ನನ್ನ ಕೋಣೆ ನನಗೆ ಉಳಿಯುತ್ತಿತ್ತು. ಮೂಗು ಸತ್ತ ಅವರಿಗೆ ಗೊತ್ತಾಗುವ ಸಂಭವವೂ ಇರಲಿಲ್ಲ.

ನಾನು ಚಮಚ ಕಿತ್ತುಕೊಂಡೆ. ಅದು ಕೈಜಾರಿ ಅವರ ಪಂಚೆಯ ಮೇಲೆ ಬಿತ್ತು.

"ಬೇಡಿ ಸಾರ್. ಅದರಲ್ಲಿ ವೈನಿದೆ. ಮೊದಲಿಂದಲೂ ಇತ್ತು."

ಅವರು ಬಗ್ಗಿ ಡಬ್ಬಿಯೊಳಗೆ ನೋಡಿದರು. ಆಮೇಲೆ, "ಹಂಗಾದ್ರೆ ನನ್ನ ಲೆಕ್ಕ ಸರಿಯಾಗೇ ಇತ್ತು. ಮದ್ಯ ಸೇರಿದ್ರೆ ಬೇಗ ಹೆಪ್ಪುಗಟ್ಟಲ್ಲ," ಎಂದರು. ಅವರ ಮುಖದಲ್ಲಿ ಒಂದು ಕ್ಷಣ ಸಮಾಧಾನವೇ ಕಂಡಿತು. ನೋಟ್‌ಬುಕ್ಕು ತೆಗೆದು, ಸ್ಕೇಲು ಇಟ್ಟು, ಹನ್ನೆರಡು ದಿನಗಳ ಪುಟಗಳಿಗೆ ಒಂದೊಂದಾಗಿ ಅಡ್ಡಗೀಟು ಎಳೆದರು. "ಕುಡಿಯೋ ವಿಷಯ, ನೀನುಂಟು ನಿನ್ನ ಬಾಳುಂಟು. ಸುಳ್ಳು ಅಂಕಿ ಕೊಟ್ಟು ನನ್ನ ತಲೆ ಮೇಲೆ ನಂಗೇ ಅನುಮಾನ ಬರಿಸ್ದೆಯಲ್ಲಮ್ಮ." ಎದ್ದು ನಿಂತು, "ತಿಂಗಳ ಕೊನೆಗೆ ರೂಮು ಖಾಲಿ ಮಾಡು," ಎಂದರು. ದನಿ ಏರಿಸಲಿಲ್ಲ.

ಬೈದಿದ್ದರೆ ನನಗೂ ಎದುರು ಮಾತಾಡಲು ಆಗುತ್ತಿತ್ತು. ಆ ನಿಯಮ ಅನ್ಯಾಯವೆಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ನನ್ನ ಕೋಣೆಯಲ್ಲಿ ನಾನೇನು ಕುಡಿದರೆ ಕೆಳಗಿನವರಿಗೆ ಏನಾಗಬೇಕು? ಆದರೆ ಅವರು ಅದನ್ನು ಮುಚ್ಚಿಟ್ಟಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಒಪ್ಪಿಕೊಂಡವಳು ನಾನು. ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಡಬ್ಬಿಯನ್ನು ಹಾಗೇ ಮೋರಿಗೆ ಬಗ್ಗಿಸಿದೆ. ಒಂದು ಚಮಚವೂ ಕುಡಿಯಲಿಲ್ಲ.

ತಿಂಗಳ ಕೊನೆಗೆ ರೈಲ್ವೆ ಸ್ಟೇಷನ್ನಿನ ಕಡೆ ಇನ್ನೊಂದು ಮಹಡಿಮನೆ ಸಿಕ್ಕಿತು. ಆ ಮನೆಯ ಒಡತಿಯೂ ಶಿವಪೂಜೆ ಮಾಡುವವರೇ. ಅವರು ಯಾವ ನಿಯಮವನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಗೆ ಬಂದು ಎರಡು ವರ್ಷವಾಗುತ್ತ ಬಂತು. ಆಗೀಗ ಹಾಸನದಿಂದ ಬಾಟಲಿ ತರುತ್ತಿದ್ದೆ, ಮೊದಲಿನಂತೆಯೇ ದುಪಟ್ಟಾದಲ್ಲಿ ಸುತ್ತಿ. ಮೇಷ್ಟ್ರು ದಾರಿಯಲ್ಲಿ ಸಿಕ್ಕರೆ "ಪಾಠ ಎಲ್ಲಿಗೆ ಬಂತಮ್ಮ?" ಎಂದು ಕೇಳುತ್ತಿದ್ದರು. ನಾನು ಅಧ್ಯಾಯದ ಹೆಸರು ಹೇಳುತ್ತಿದ್ದೆ. ಕ್ಷಮೆ ಕೇಳಬೇಕೆಂದು ಪ್ರತಿ ಸಲ ಅಂದುಕೊಂಡು ಪ್ರತಿ ಸಲವೂ ಅಧ್ಯಾಯದ ಹೆಸರಷ್ಟನ್ನೇ ಹೇಳಿ ಬಂದೆ.

ಕಳೆದ ತಿಂಗಳು ಅವರು ಲಿಂಗೈಕ್ಯರಾದರು. ಗಂಡಸಿ ಊರಿನ ಹತ್ತಿರ ಅವರ ತೋಟದಲ್ಲಿ, ತೆಂಗಿನ ಸಾಲಿನ ನಡುವೆ ಸಮಾಧಿ ಮಾಡಿದರು. ಎಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ನಿಮ್ಮ ಓನರಮ್ಮ ಮನೆ ಕೊಡೋಕೆ ಮುಂಚೆ ಇವ್ರಿಗೆ ಫೋನ್ ಮಾಡಿದ್ರು ಕಣೇ, ಹುಡುಗಿ ಹೆಂಗೆ ಅಂತ. ಅವಳು ಸುಳ್ಳು ಹೇಳಲ್ಲ, ಧೈರ್ಯವಾಗಿ ಕೊಡಿ ಅಂದ್ರು ಇವ್ರು. ಯಾಕ್ರೀ ಹಂಗಂದ್ರಿ ಅಂತ ನಾನು ಕೇಳ್ದೆ. 'ಚಮಚ ಕಿತ್ಕೊಂಡ್ಳಲ್ಲ, ಅಷ್ಟು ಸಾಕು' ಅಂದ್ರು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರ ಮೇಲೆ ನನಗೆ ಸಿಟ್ಟು ಬಂತು. ಅಷ್ಟು ಲೆಕ್ಕಾಚಾರದ ಮನುಷ್ಯ, ಹನ್ನೆರಡು ದಿನದ ಸುಳ್ಳನ್ನು ಒಂದು ಕ್ಷಣಕ್ಕೆ ಹೇಗೆ ಸರಿತೂಗಿಸಿಬಿಟ್ಟರು?

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಕೆಳಗಿಳಿದು ಹೋದೆ. ಮನೆಯೊಡತಿ ಬಾಗಿಲಿಗೆ ನೀರು ಹಾಕುತ್ತಿದ್ದರು.

"ಅಮ್ಮ, ನಾನು ಅಪರೂಪಕ್ಕೆ ವೈನ್ ಕುಡೀತೀನಿ. ಮೇಲೆ ಫ್ರಿಜ್ಜಲ್ಲಿ ಒಂದು ಬಾಟ್ಲಿ ಇದೆ. ಮನೆ ತಗೊಳ್ಳೋವಾಗ ಇದನ್ನ ನಿಮಗೆ ಹೇಳಿರಲಿಲ್ಲ," ಎಂದೆ.

ಅವರು ಚೊಂಬು ಹಿಡಿದುಕೊಂಡೇ ನಿಂತುಬಿಟ್ಟರು. ಅವರು ಮಾತಾಡುವ ತನಕ ನಾನೂ ಅಲ್ಲೇ ನಿಂತೆ.