ಲಾವಾ ಗುಹೆಯಲ್ಲಿ ನಮ್ಮ ಮಿಸ್

ಮೊನ್ನೆ ಅರಕಲಗೂಡಿನಲ್ಲಿ ಬಸ್ಸಿಳಿದು ಒಂದು ಹಳೇ ಗೋಡೆಯ ಪಕ್ಕ ಹಾದು ಬರುವಾಗ ಉಚ್ಚೆಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಸಿಟ್ಟು ಬಂತು... ಭೂಗೋಳದ ಮಿಸ್ ನೆನಪಾದರು.

ಹೊಳೆನರಸೀಪುರದ ಶಾಲೆಯಲ್ಲಿ ನಮಗೆ ಜ್ವಾಲಾಮುಖಿಯ ಪಾಠ ಮಾಡಿದವರು ಅವರು. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಲಾವಾ ಹರಿಸಿ, "ನಾನೂ ನೋಡಿಲ್ಲ ಕಣ್ರಮ್ಮ, ಒಂದಿನ ನೋಡೇ ನೋಡ್ತೀನಿ" ಅನ್ನುತ್ತಿದ್ದರು. ನಿವೃತ್ತರಾದ ಮೇಲೆ, ಹಾಸನದಿಂದ ಒಂದು ಗುಂಪು ಜ್ವಾಲಾಮುಖಿಯ ದ್ವೀಪವೊಂದಕ್ಕೆ ಪ್ರವಾಸ ಹೊರಟಿದ್ದು ತಿಳಿದು ನನಗೆ ಫೋನ್ ಮಾಡಿದರು. "ನೀನೂ ಬಾರೆ, ಒಬ್ಳೇ ಹೋಗಕ್ಕೆ ಭಯ." ಹೋದೆ.

ಅಲ್ಲಿನ ಗೈಡ್ ಹೆಂಗಸು ಕಪ್ಪು ಕಲ್ಲಿನ ದಾರಿಯಲ್ಲಿ ನಮ್ಮನ್ನು ನಡೆಸಿಕೊಂಡು ಹೋಗಿ ಗುಹೆಯೊಂದರ ಮುಂದೆ ನಿಲ್ಲಿಸಿದಳು. ಲಾವಾ ಹರಿದುಹೋಗಿ ಉಳಿದ ಟೊಳ್ಳು ಅದು. ಒಳಗೆ ಎಷ್ಟೋ ಕಾಲದ ಹಿಂದೆ ಜನ ಸಂಸಾರ ಮಾಡಿದ್ದರು. ಒಲೆಯ ಗುರುತು, ಚಾವಣಿಗೆ ಹತ್ತಿದ ಮಸಿ, ಮಲಗಲು ಕಟ್ಟಿಕೊಂಡ ಕಲ್ಲಿನ ಜಗಲಿ ಎಲ್ಲ ಹಾಗೇ ಇದ್ದವು. ತಮ್ಮ ಹಿರಿಯರು ಬದುಕಿದ್ದು ಇಲ್ಲೇ ಎಂದಳು ಗೈಡ್. ಮಿಸ್ ಶೂ ಬಿಚ್ಚಿಟ್ಟು ಒಳಗೆ ಬಂದರು.

ಅಷ್ಟರಲ್ಲಿ ಮೂಲೆಯಿಂದ ಸದ್ದು. ನಮ್ಮ ಗುಂಪಿನಲ್ಲಿದ್ದ ಚನ್ನರಾಯಪಟ್ಟಣದ ಕಾಂಟ್ರಾಕ್ಟರ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಜಗಲಿಯ ಮೇಲೆಲ್ಲ ಹರಿಯುತ್ತಿತ್ತು.

"ಥೂ! ಜನ ಮಲಗ್ತಿದ್ದ ಜಾಗ ಅಲ್ವೇನ್ರೀ ಅದು?" ಮಿಸ್ ಗದರಿದರು.

"ಅರ್ಜೆಂಟಾಗಿತ್ತು, ಬುಡಿ ಮೇಡಂ. ಈಗ್ಯಾರವ್ರೆ ಇಲ್ಲಿ?" ಜಿಪ್ ಎಳೆದುಕೊಳ್ಳುತ್ತಾ ನಕ್ಕ. ಉಳಿದವರೂ ನಕ್ಕರು. ನನಗೆ ಆ ನಗುವೇ ಹೆಚ್ಚು ಹೇಸಿಗೆಯಾಯಿತು.

ಮಿಸ್ ಮಂಡಿಯೂರಿ, ಕುಡಿಯಲು ತಂದಿದ್ದ ನೀರನ್ನು ಜಗಲಿಗೆ ಸುರಿದು, ಹೊದ್ದಿದ್ದ ಶಾಲಿನಿಂದ ಒರೆಸತೊಡಗಿದರು. ನಾನೂ ನನ್ನ ಬಾಟಲಿ ಸುರಿದೆ. ನೋಡುತ್ತಿದ್ದ ಗೈಡ್ ಬಂದು ಮಿಸ್ಸನ್ನು ಕೈಹಿಡಿದು ಎಬ್ಬಿಸಿದಳು. ಆಮೇಲೆ ಗುಂಪಿನ ಕಡೆ ತಿರುಗಿ, ಇನ್ನು ಮುಂದಿನ ಗುಹೆ ತೋರಿಸುವುದಿಲ್ಲ, ವಾಪಸ್ ನಡೆಯಿರಿ ಎಂದಳು.

"ಈವಮ್ಮನಿಂದ ಎಲ್ಲಾ ಆಳಾಯ್ತು ಕಣ್ಲಾ," ಎಂದು ದಾರಿಯುದ್ದಕ್ಕೂ ಗೊಣಗಿದರು. ಉಚ್ಚೆ ಹೊಯ್ದವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಬಸ್ಸಿನಲ್ಲಿ ಮಿಸ್ ಮೆಲ್ಲಗೆ ಹೇಳಿದರು: "ಇಷ್ಟು ದೂರ ಬಂದು ನಮ್ಮೋರ ಉಚ್ಚೆ ತೊಳೆದೆ ಕಣೆ."

ಆ ಪ್ರವಾಸದ ಒಂದು ಫೋಟೋವನ್ನೂ ಅವರು ಯಾರಿಗೂ ತೋರಿಸಲಿಲ್ಲ...

ಹೋದ ವರ್ಷ ಮಿಸ್ ತೀರಿಕೊಂಡರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮುಖ್ಯ ಅತಿಥಿ, ಶಾಲೆಗೆ ದೇಣಿಗೆ ಕೊಟ್ಟಿದ್ದ ಅದೇ ಕಾಂಟ್ರಾಕ್ಟರ್. ಫೋಟೋಗೆ ಹಾರ ಹಾಕಿ, "ಮೇಡಂ ಜೊತೆ ಗವಿ ನೋಡೋ ಪುಣ್ಯ ನಂದಾಗಿತ್ತು" ಎಂದು ಕಣ್ಣೊರೆಸಿಕೊಂಡ. ಎಲ್ಲರೂ ತಲೆದೂಗಿದರು. ನಾನು ಊಟಕ್ಕೆ ನಿಲ್ಲದೆ ಎದ್ದು ಬಂದೆ.

ಇದನ್ನು ಹೇಳಿಕೊಂಡು ಉರಿದುಕೊಳ್ಳಲು ನನಗಿದ್ದವರು ಮಿಸ್ ಒಬ್ಬರೇ. ಈಗ ಅವರ ಮನೆಗೆ ಬೇರೆ ಯಾರೋ ಬಾಡಿಗೆಗೆ ಬಂದಿದ್ದಾರೆ. ಹೊಳೆನರಸೀಪುರಕ್ಕೆ ಹೋದರೂ ನಾನು ಆ ಬೀದಿಗೆ ಹೋಗುವುದಿಲ್ಲ.